ಗಿಟ್‌ಹಬ್ ಬಿದ್ದರೆ ನಮಗೇನು? ಕೋಡ್ ಗೋದಾಮು, ಸ್ವಂತ ಸರ್ವರ್ ಮತ್ತು ನಮ್ಮ ಅಂಗಡಿ ಲೆಕ್ಕ

"ಸರ್ವರ್ ಇಲ್ಲ, ನಾಳೆ ಬನ್ನಿ."

ಈ ಮಾತು ಕೇಳದವರು ನಮ್ಮ ತಾಲೂಕಿನಲ್ಲಿ ಯಾರೂ ಇರಲಿಕ್ಕಿಲ್ಲ. ಪಡಿತರಕ್ಕೆ ಹೆಬ್ಬೆಟ್ಟು ಒತ್ತಲು ನಿಂತಾಗ ಕೇಳಿದ್ದೇವೆ, ಪಹಣಿ ತೆಗೆಸಲು ಹೋದಾಗ ಕೇಳಿದ್ದೇವೆ, ಬ್ಯಾಂಕಿನಲ್ಲೂ ಕೇಳಿದ್ದೇವೆ. 2025ರ ಏಪ್ರಿಲ್ 12, ಶನಿವಾರ ನೆನಪಿದೆಯಾ? ದೇಶಾದ್ಯಂತ ಯುಪಿಐ ಕೈಕೊಟ್ಟ ದಿನ. ಅದಕ್ಕೂ ಮುಂಚೆ ಮಾರ್ಚ್ 26ಕ್ಕೂ ಹಾಗೇ ಆಗಿತ್ತು. ಗಿರಾಕಿ ಮೊಬೈಲ್ ಹಿಡ್ಕೊಂಡು "ಹೋಗ್ತಾ ಇಲ್ಲ ಅಣ್ಣ" ಅಂತಾನೆ, ಅಂಗಡಿಯವರು "ಬಂದಿಲ್ಲ ತಮ್ಮ" ಅಂತಾರೆ. ಕೊನೆಗೆ ಡ್ರಾಯರಿನಿಂದ ಉದ್ರಿ ಪುಸ್ತಕ ಹೊರಗೆ ಬಂತು, ಹೆಸರು ಬರೆದುಕೊಂಡು ಸಾಮಾನು ಕೊಟ್ಟು ಕಳಿಸಿದ್ದಾಯಿತು.

ಆ ಉದ್ರಿ ಪುಸ್ತಕವನ್ನು ಮನಸ್ಸಲ್ಲಿಟ್ಟುಕೊಳ್ಳಿ. ಇವತ್ತಿನ ಲೇಖನ ಸುತ್ತಿ ಬಂದು ನಿಲ್ಲೋದು ಅಲ್ಲಿಗೇ.

ನಮಗೆ ಸರ್ವರ್ ಡೌನ್ ಆಗೋದು ಗೊತ್ತು. ಆದರೆ ಸರ್ವರ್‌ಗೆ ಸಾಫ್ಟ್‌ವೇರ್ ಬರೆಯುವ ಎಂಜಿನಿಯರ್‌ಗಳಿಗೂ ಒಂದು "ಸರ್ವರ್ ಡೌನ್" ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನ ಕೆಲಸ ಹಿಡಿದು ಊರಲ್ಲೇ ಕೂತು ಲ್ಯಾಪ್‌ಟಾಪ್ ಕುಟ್ಟುವ ಹುಡುಗ ಹುಡುಗಿಯರು ಈಗ ನಮ್ಮ ಬೀದಿಗಳಲ್ಲೂ ಇದ್ದಾರೆ. ಅವರಲ್ಲಿ ಯಾರಾದರೂ ಕೆಲಸದ ದಿನ ಮಧ್ಯಾಹ್ನ ಟೀ ಅಂಗಡಿಯಲ್ಲಿ ಆರಾಮಾಗಿ ಕೂತಿದ್ದರೆ ಒಮ್ಮೆ ಕೇಳಿ ನೋಡಿ. "ಗಿಟ್‌ಹಬ್ ಡೌನ್ ಆಗಿದೆ" ಅನ್ನೋ ಉತ್ತರ ಬಂದರೂ ಬರಬಹುದು.

ಏನಿದು ಗಿಟ್‌ಹಬ್?

ಸಾಫ್ಟ್‌ವೇರ್ ಅಂದರೆ ಕೊನೆಗೆ ಬರವಣಿಗೆ. ಸಾವಿರಾರು, ಲಕ್ಷಾಂತರ ಸಾಲು. ಹತ್ತು ಜನ ಒಟ್ಟಿಗೆ ಬರೆಯುವಾಗ ಯಾರು ಯಾವ ಸಾಲು ಯಾವಾಗ ಬದಲಾಯಿಸಿದರು, ತಪ್ಪಾದರೆ ಹಿಂದಕ್ಕೆ ಹೋಗೋದು ಹೇಗೆ ಅನ್ನುವ ಲೆಕ್ಕ ಇಡಬೇಕು. ಆ ಲೆಕ್ಕ ಇಡುವ ಸಾಧನದ ಹೆಸರು ಗಿಟ್.

ಇದು ಹುಟ್ಟಿದ್ದೇ ಒಂದು ಅವಲಂಬನೆಯ ಕಥೆಯಿಂದ. ಲಿನಕ್ಸ್ ಬರೆಯುವವರು ಬಿಟ್‌ಕೀಪರ್ ಅನ್ನುವ ಕಂಪನಿ ಸಾಫ್ಟ್‌ವೇರನ್ನು ಪುಕ್ಕಟೆಯಾಗಿ ಬಳಸುತ್ತಿದ್ದರು. 2005ರಲ್ಲಿ ಆ ಪುಕ್ಕಟೆ ಅನುಮತಿ ವಾಪಸ್ ಹೋಯಿತು. ಲಿನಕ್ಸ್ ಸೃಷ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅದೇ ವರ್ಷ ಏಪ್ರಿಲ್‌ನಲ್ಲಿ ತಾವೇ ಗಿಟ್ ಬರೆಯಲು ಕೂತರು. ಇದರ ವಿಶೇಷ ಏನಂದರೆ ಇಲ್ಲಿ ಮುಖ್ಯ ಕಚೇರಿ ಅಂತ ಒಂದು ಬೇಕಾಗಿಲ್ಲ. ಕೆಲಸ ಮಾಡುವ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಪೂರ್ತಿ ಚರಿತ್ರೆಯ ಪ್ರತಿ ಇರತ್ತೆ. ಒಬ್ಬರ ಮನೆಗೆ ಬೆಂಕಿ ಬಿದ್ದರೂ ಇನ್ನೊಬ್ಬರ ಮನೆಯಲ್ಲಿ ಎಲ್ಲ ಪುಟ ಇದ್ದೇ ಇರತ್ತೆ.

ಆದರೆ ಜನಕ್ಕೆ ಅನುಕೂಲ ಬೇಕು. ಎಲ್ಲರೂ ಸೇರುವ ಒಂದು ಜಾಗ ಬೇಕು. 2008ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಗಿಟ್‌ಹಬ್ ಆ ಜಾಗ ಆಯಿತು. ಎಲ್ಲರ ಕೋಡ್ ಇಡುವ ದೊಡ್ಡ ಗೋದಾಮು ಅಂದುಕೊಳ್ಳಿ. 2018ರಲ್ಲಿ ಮೈಕ್ರೋಸಾಫ್ಟ್ ಇದನ್ನು 750 ಕೋಟಿ ಡಾಲರ್‌ಗೆ ಖರೀದಿಸಿತು. 2023ರ ಹೊತ್ತಿಗೆ ಬಳಕೆದಾರರು 10 ಕೋಟಿ ದಾಟಿದರು. ಅದರಲ್ಲಿ ಭಾರತದವರದ್ದೇ ದೊಡ್ಡ ಪಾಲು. ಗಿಟ್‌ಲ್ಯಾಬ್, ಬಿಟ್‌ಬಕೆಟ್ ಅಂತ ಬೇರೆ ಗೋದಾಮುಗಳೂ ಇವೆ.

ಅಂದರೆ ಏನಾಯಿತು? ಮುಖ್ಯ ಕಚೇರಿಯೇ ಬೇಡ ಅಂತ ಮಾಡಿದ ಸಾಧನಕ್ಕೆ ನಾವೇ ಮತ್ತೆ ಮುಖ್ಯ ಕಚೇರಿ ಕಟ್ಟಿಕೊಂಡೆವು. ಆ ಗೋದಾಮಿನ ಬಾಗಿಲು ಜಾಮ್ ಆದರೆ ಎಲ್ಲರೂ ಬೀದಿಯಲ್ಲಿ ನಿಲ್ಲಬೇಕು.

43 ಸೆಕೆಂಡು, 24 ಗಂಟೆ

2018ರ ಅಕ್ಟೋಬರ್ 22, ಸೋಮವಾರ, ನಮ್ಮ ಬೆಳಗಿನ ಜಾವ 4 ಗಂಟೆ 22 ನಿಮಿಷ. ಅಮೆರಿಕದಲ್ಲಿ ಇನ್ನೂ ಭಾನುವಾರ ಸಂಜೆ. ಗಿಟ್‌ಹಬ್‌ನವರು ಹಾಳಾಗುತ್ತಿದ್ದ ಒಂದು ನೆಟ್‌ವರ್ಕ್ ಉಪಕರಣ ಬದಲಾಯಿಸುತ್ತಿದ್ದರು. ಆ ಹೊತ್ತಲ್ಲಿ ಪೂರ್ವ ಕರಾವಳಿಯ ಅವರ ಡೇಟಾ ಸೆಂಟರಿನ ಸಂಪರ್ಕ ಕಡಿದುಹೋಯಿತು. ಎಷ್ಟು ಹೊತ್ತು? ಬರೀ 43 ಸೆಕೆಂಡು.

ಆ 43 ಸೆಕೆಂಡಲ್ಲಿ ಅವರ ಯಂತ್ರಗಳು ತಾವೇ ಒಂದು ತೀರ್ಮಾನ ತೆಗೆದುಕೊಂಡವು. "ಪೂರ್ವದ ಯಜಮಾನ ಸತ್ತ, ಇನ್ನು ಪಶ್ಚಿಮದವನೇ ಯಜಮಾನ" ಅಂತ. ಆದರೆ ಪೂರ್ವದ ಡೇಟಾಬೇಸಿಗೆ ಬಂದ ಕೆಲವು ಬರಹಗಳು ಪಶ್ಚಿಮಕ್ಕೆ ಇನ್ನೂ ತಲುಪಿರಲಿಲ್ಲ. ಇತ್ತ ಪಶ್ಚಿಮದಲ್ಲಿ ಹೊಸ ಬರಹ ಬರಲು ಶುರುವಾಗಿತ್ತು. ಒಂದೇ ಅಂಗಡಿಗೆ ಎರಡು ಲೆಕ್ಕದ ಪುಸ್ತಕ ಆಗಿ, ಎರಡರಲ್ಲೂ ಬೇರೆ ಬೇರೆ ವ್ಯಾಪಾರ ಬರೆದ ಹಾಗೆ. ಇದನ್ನು ತಾಳೆ ಹಾಕಿ ಸರಿ ಮಾಡಲು ಹಿಡಿದದ್ದು 24 ಗಂಟೆ 11 ನಿಮಿಷ. ಲೆಕ್ಕ ತಪ್ಪಾಗೋದಕ್ಕಿಂತ ಅಂಗಡಿ ನಿಧಾನ ಆಗೋದು ಮೇಲು ಅಂತ ಅವರು ನಿರ್ಧರಿಸಿದರು. ಸರಿಯಾದ ನಿರ್ಧಾರವೇ. ಆದರೆ ಭಾರತದ ಪೂರ್ತಿ ಸೋಮವಾರ ಅದರಲ್ಲೇ ಹೋಯಿತು.

ಇನ್ನೊಂದು 2024ರ ಆಗಸ್ಟ್ 15ರದ್ದು. ನಾವು ಧ್ವಜಾರೋಹಣಕ್ಕೆ ಎದ್ದು ರೆಡಿ ಆಗುವ ಮುಂಚೆ, ಬೆಳಗಿನ ಜಾವ ಸುಮಾರು ಅರ್ಧ ಗಂಟೆ ಗಿಟ್‌ಹಬ್ ಇಡೀ ಜಗತ್ತಿಗೇ ಇರಲಿಲ್ಲ. ಯಾರೂ ದಾಳಿ ಮಾಡಿದ್ದಲ್ಲ. ಡೇಟಾಬೇಸಿಗೆ ಸಂಬಂಧಿಸಿದ ಒಂದು ಸೆಟ್ಟಿಂಗ್ ಬದಲಾಯಿಸಿದ್ದು ಎಡವಟ್ಟಾಗಿತ್ತು, ಅಷ್ಟೇ.

ಐದು ಬ್ಯಾಕಪ್, ಒಂದೂ ಇಲ್ಲ

ಗಿಟ್‌ಲ್ಯಾಬ್ ಕಥೆ ಇನ್ನೂ ಪಾಠದ್ದು. 2017ರ ಜನವರಿ 31. ರಾತ್ರಿ ದುಡಿದು ಸುಸ್ತಾಗಿದ್ದ ಒಬ್ಬ ಎಂಜಿನಿಯರ್ ಹೆಚ್ಚುವರಿ ಸರ್ವರಿನ ಡೇಟಾ ಅಳಿಸುತ್ತಿದ್ದೇನೆ ಅಂದುಕೊಂಡು ಮುಖ್ಯ ಸರ್ವರಿನದ್ದೇ ಅಳಿಸಿದ. ಕ್ಷಣದಲ್ಲೇ ಗೊತ್ತಾಗಿ ನಿಲ್ಲಿಸಿದ. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ.

ಬ್ಯಾಕಪ್ ಇರಲಿಲ್ವಾ? ಇತ್ತು, ಐದು ಥರದ್ದು. ತೆಗೆದು ನೋಡಿದರೆ ಐದರಲ್ಲಿ ಒಂದೂ ಕೆಲಸಕ್ಕೆ ಬರುವ ಹಾಗಿರಲಿಲ್ಲ. ಒಂದು ಬ್ಯಾಕಪ್ ಬಹಳ ದಿನದಿಂದ ಆಗುತ್ತಲೇ ಇರಲಿಲ್ಲ, "ಆಗ್ತಾ ಇಲ್ಲ" ಅಂತ ಹೇಳಬೇಕಿದ್ದ ಇಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಉಳಿಸಿದ್ದು ಅದೇ ಎಂಜಿನಿಯರ್ ಸುಮಾರು 6 ಗಂಟೆ ಮುಂಚೆ ಬೇರೆ ಕೆಲಸಕ್ಕೆ ಅಂತ ಕೈಯಾರೆ ತೆಗೆದಿಟ್ಟ ಒಂದು ಪ್ರತಿ. ಮಧ್ಯದ ಆರು ಗಂಟೆಯ ದಾಖಲೆ ಹೋಯಿತು. ಸುಮಾರು 5,000 ಪ್ರಾಜೆಕ್ಟ್‌ಗಳ ವಿವರ, 5,000 ಕಮೆಂಟ್, 700 ಹೊಸ ಬಳಕೆದಾರರ ಖಾತೆ. ಕಂಪನಿಯವರು ಒಂದನ್ನೂ ಮುಚ್ಚಿಡಲಿಲ್ಲ, ರಿಪೇರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿದರು. ಅದಕ್ಕೆ ಮೆಚ್ಚಬೇಕು.

ಮೂರನೇ ಕಥೆಯಲ್ಲಿ ಮೆಚ್ಚಲು ಯಾರೂ ಉಳಿದಿಲ್ಲ. ಕೋಡ್ ಸ್ಪೇಸಸ್ ಅನ್ನುವ ಗೋದಾಮು. 2014ರ ಜೂನ್‌ನಲ್ಲಿ ಯಾರೋ ಅವರ ಅಮೆಜಾನ್ ಕ್ಲೌಡ್ ಖಾತೆಯೊಳಗೆ ನುಗ್ಗಿ ದುಡ್ಡು ಕೇಳಿದರು. ಕಂಪನಿಯವರು ಖಾತೆ ವಾಪಸ್ ಹಿಡಿತಕ್ಕೆ ತರಲು ಹೋದಾಗ ಒಳಗಿದ್ದವರು ಡೇಟಾ ಮತ್ತು ಬ್ಯಾಕಪ್ ಎರಡನ್ನೂ ಅಳಿಸುತ್ತಾ ಹೋದರು. ಮಾಲು, ಮಾಲಿನ ನಕಲು ಎರಡೂ ಒಂದೇ ಬೀಗದ ಹಿಂದೆ ಇದ್ದವು. ಸುಮಾರು 12 ಗಂಟೆಯಲ್ಲಿ ಕಂಪನಿಯ ಕಥೆ ಮುಗಿಯಿತು.

ಬಾಗಿಲು ಬೇರೆಯವರೂ ಹಾಕಬಹುದು

ಯಂತ್ರ ಕೆಟ್ಟಾಗ ಮಾತ್ರ ಬಾಗಿಲು ಮುಚ್ಚೋದಲ್ಲ. 2014ರ ಡಿಸೆಂಬರ್ ಕೊನೆಗೆ ನಮ್ಮ ಕೇಂದ್ರ ಸರ್ಕಾರವೇ 32 ವೆಬ್‌ಸೈಟ್ ತಡೆಹಿಡಿದಿತ್ತು. ಉಗ್ರರ ಬರಹ ಇದೆ ಅನ್ನುವ ಕಾರಣಕ್ಕೆ. ಆ ಪಟ್ಟಿಯಲ್ಲಿ ಗಿಟ್‌ಹಬ್‌ನ ಗಿಸ್ಟ್ ವಿಭಾಗ ಇತ್ತು, ಸೋರ್ಸ್‌ಫೋರ್ಜ್ ಇತ್ತು. ಯಾರೋ ಒಬ್ಬ ಏನೋ ಹಾಕಿದ್ದಕ್ಕೆ ಸಂಬಂಧವೇ ಇಲ್ಲದ ನಮ್ಮ ಪ್ರೋಗ್ರಾಮರ್‌ಗಳಿಗೂ ಬಾಗಿಲು ಬಿತ್ತು. ಆಮೇಲೆ ಹಲವು ಸೈಟ್‌ಗಳ ತಡೆ ತೆರವಾಯಿತು ಅನ್ನಿ.

2019ರಲ್ಲಿ ಅಮೆರಿಕದ ನಿರ್ಬಂಧ ಕಾನೂನಿನ ಕಾರಣ ಇರಾನ್, ಸಿರಿಯಾ, ಕ್ರೈಮಿಯಾ ಭಾಗದವರ ಗಿಟ್‌ಹಬ್ ಖಾತೆಗಳಿಗೆ ಕತ್ತರಿ ಬಿತ್ತು. ಇರಾನಿನವರಿಗೆ ಪೂರ್ತಿ ಸೇವೆ ಮತ್ತೆ ಸಿಕ್ಕಿದ್ದು 2021ರಲ್ಲಿ. ಇನ್ನು ಗೂಗಲ್ ಕೋಡ್ ಅನ್ನುವ ಗೋದಾಮನ್ನು ಗೂಗಲ್ಲೇ 2016ರ ಜನವರಿಯಲ್ಲಿ ಮುಚ್ಚಿತು. ಮುಂಚೆಯೇ ಹೇಳಿ, ಮಾಲು ಸಾಗಿಸಲು ಟೈಮ್ ಕೊಟ್ಟು ಮುಚ್ಚಿದರು. ಆದರೂ ಗೋದಾಮು ನಮ್ಮದಲ್ಲ ಅನ್ನೋದು ಎಲ್ಲರಿಗೂ ಅರ್ಥ ಆಯಿತು.

ಇದಕ್ಕೇ ಕೆಲವರು ಹೇಳೋದು: "ಕೋಡ್ ನಮ್ಮ ಸ್ವಂತ ಸರ್ವರಿನಲ್ಲೇ ಇಟ್ಟುಕೊಳ್ಳೋಣ." ಇದೇ ಸೆಲ್ಫ್ ಹೋಸ್ಟಿಂಗ್. ಇದು ಬಾಯಿಮಾತು ಅಲ್ಲ. ಗ್ನೋಮ್, ಕೆಡಿಇ, ಡೆಬಿಯನ್ ಥರದ ದೊಡ್ಡ ಮುಕ್ತ ತಂತ್ರಾಂಶ ಸಮುದಾಯಗಳು ಗಿಟ್‌ಲ್ಯಾಬ್ ಸಾಫ್ಟ್‌ವೇರನ್ನು ತಮ್ಮದೇ ಸರ್ವರಿನಲ್ಲಿ ಹಾಕಿಕೊಂಡು ವರ್ಷಗಟ್ಟಲೆ ನಡೆಸುತ್ತಿವೆ. ಗಿಟೀ, ಫೋರ್ಜೆಯೋ ಅನ್ನುವ ಹಗುರ ಸಾಫ್ಟ್‌ವೇರ್‌ಗಳು ಪುಕ್ಕಟೆ ಸಿಗುತ್ತವೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲೂ ಇವು ಓಡುತ್ತವೆ. ಜಿಗ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರು 2025ರ ನವೆಂಬರ್‌ನಲ್ಲಿ ಗಿಟ್‌ಹಬ್ ಬಿಟ್ಟು ಜರ್ಮನಿಯ ಕೋಡ್‌ಬರ್ಗ್‌ಗೆ ಹೊರಟರು. ಅದು ಕಂಪನಿ ಅಲ್ಲ, ಸದಸ್ಯರು ನಡೆಸುವ ಲಾಭರಹಿತ ಸಂಘ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಖಾಸಗಿ ಡೇರಿ ಬಿಟ್ಟು ಹಾಲಿನ ಸೊಸೈಟಿಗೆ ಹಾಲು ಹಾಕಿದ ಹಾಗೆ.

ಹಾಗಾದರೆ ಎಲ್ಲರೂ ಸ್ವಂತ ಸರ್ವರ್ ಇಡಬೇಕಾ?

ಇಲ್ಲಿ ಸ್ವಲ್ಪ ತಡೆಯಿರಿ. ಇನ್ನೊಂದು ಮಗ್ಗುಲೂ ಇದೆ.

ಪಿಎಚ್‌ಪಿ ಅನ್ನೋದು ಜಗತ್ತಿನ ಅಸಂಖ್ಯ ವೆಬ್‌ಸೈಟ್‌ಗಳ ಹಿಂದಿರುವ ಭಾಷೆ. ಅದರ ಕೋಡ್ ಮೊದಲು ಅವರದ್ದೇ ಸರ್ವರಿನಲ್ಲಿತ್ತು. 2021ರ ಮಾರ್ಚ್ 28ರಂದು ಆ ಭಾಷೆಯ ಮುಖ್ಯಸ್ಥರ ಹೆಸರಲ್ಲೇ ಯಾರೋ ಎರಡು ಕಳ್ಳ ಬದಲಾವಣೆ ತೂರಿಸಿದರು. ತಕ್ಷಣ ಕಣ್ಣಿಗೆ ಬಿದ್ದು ತೆಗೆದುಹಾಕಿದ್ದರಿಂದ ಬಚಾವ್. ಆಮೇಲೆ ಅವರು ಮಾಡಿದ್ದೇನು ಗೊತ್ತಾ? ಸ್ವಂತ ಸರ್ವರ್ ಕಾಯೋದು ನಮಗೆ ಬೇಡದ ಅಪಾಯ ಅಂತ ತೀರ್ಮಾನಿಸಿ ಗಿಟ್‌ಹಬ್‌ಗೆ ಹೋದರು. ಒಬ್ಬರು ಹೊರಗೆ ಬರುವ ಬಾಗಿಲಲ್ಲೇ ಇನ್ನೊಬ್ಬರು ಒಳಗೆ ಹೋದರು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಕಾವೇರಿ 2.0. ಇದು ಕೋಡ್ ಇಡುವ ಜಾಗ ಅಲ್ಲ, ಆಸ್ತಿ ನೋಂದಣಿಯ ತಂತ್ರಾಂಶ. ಯಾವ ವಿದೇಶಿ ಗೋದಾಮಿನದ್ದೂ ಅಲ್ಲ, ಸರ್ಕಾರದ್ದೇ. 2025ರ ಶುರುವಿನಲ್ಲಿ ಅದು ಕುಸಿದು ಉಪನೋಂದಣಿ ಕಚೇರಿಗಳಲ್ಲಿ ಜನ ಕಾದು ಕಾದು ವಾಪಸ್ ಹೋದರು. ಸುಳ್ಳು ಖಾತೆಗಳಿಂದ, ಬಾಟ್‌ಗಳಿಂದ ಬೇಕಂತಲೇ ಮಾಡಿದ ಡಿಡಾಸ್ ದಾಳಿ ಅಂತ ಸರ್ಕಾರ ಹೇಳಿತು, ಪೊಲೀಸ್ ಕೇಸೂ ಆಯಿತು. ಅಂಗಡಿ ಬಾಗಿಲಿಗೆ ಸಾವಿರ ಜನ ಸುಳ್ಳು ಗಿರಾಕಿಗಳನ್ನು ಕಳಿಸಿ ನಿಜವಾದ ಗಿರಾಕಿ ಒಳಗೆ ಬರದಂತೆ ಮಾಡೋದೇ ಡಿಡಾಸ್. ಗಿಟ್‌ಹಬ್‌ಗೂ 2018ರ ಫೆಬ್ರವರಿಯಲ್ಲಿ ಆಗಿನ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಅನ್ನಿಸಿಕೊಂಡ ದಾಳಿ ಆಗಿತ್ತು. ಹತ್ತು ನಿಮಿಷದೊಳಗೆ ಸುಧಾರಿಸಿಕೊಂಡರು. ಅದೇ ಸೋರ್ಸ್‌ಹಟ್ ಅನ್ನುವ ಪುಟ್ಟ ಗೋದಾಮಿಗೆ 2024ರ ಜನವರಿಯಲ್ಲಿ ದಾಳಿ ಆದಾಗ ಪೂರ್ತಿ ಎದ್ದು ನಿಲ್ಲಲು ಹತ್ತಿರ ಹತ್ತಿರ ಒಂದು ವಾರ ಹಿಡಿಯಿತು. ದೊಡ್ಡವರಿಗೆ ಪೆಟ್ಟು ಬಿದ್ದರೆ ತಡೆಯುವ ಮೈ ಇರತ್ತೆ.

ಇನ್ನು ನಮ್ಮ ತಾಲೂಕಿನಲ್ಲಿ ಮನೆಯಲ್ಲೇ ಸರ್ವರ್ ಇಡ್ತೀನಿ ಅಂದರೆ ಮೊದಲ ಪ್ರಶ್ನೆ ಕರೆಂಟ್. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್, ಮಳೆಗಾಲದಲ್ಲಿ ಲೈನ್ ಮೇಲೆ ಮರ. ಯುಪಿಎಸ್ ಬೇಕು, ಅದರ ಬ್ಯಾಟರಿ ಕೆಲ ವರ್ಷಕ್ಕೊಮ್ಮೆ ಬದಲಾಯಿಸಬೇಕು. ರಸ್ತೆ ಅಗಲೀಕರಣದ ಜೆಸಿಬಿ ಫೈಬರ್ ಕತ್ತರಿಸಿದರೆ ಅವತ್ತಿನ ಕಥೆ ಮುಗೀತು. ಎಷ್ಟೋ ಇಂಟರ್ನೆಟ್ ಸಂಪರ್ಕಗಳಲ್ಲಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ, ಹಾಗಾಗಿ ಹೊರಗಿನವರು ನಿಮ್ಮ ಸರ್ವರಿಗೆ ನೇರ ಬರೋದೇ ಕಷ್ಟ. ಮನೆ ಬೇಡ, ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ಬಾಡಿಗೆ ಸರ್ವರ್ ತಗೋತೀನಿ ಅಂದರೆ ಅದೂ ಇನ್ನೊಬ್ಬರ ಗೋದಾಮೇ. ಬಾಗಿಲ ಬೀಗ ಮಾತ್ರ ನಿಮ್ಮದು. ಬೀಗ ಸರಿಯಾಗಿ ಹಾಕೋದು, ತುಕ್ಕು ಹಿಡಿದಾಗ ಬದಲಾಯಿಸೋದು ನಿಮ್ಮ ತಲೆನೋವು.

ನಾನೇ ಮಾಡಿಕೊಂಡ ಎಡವಟ್ಟು

ಇದನ್ನು ಹೇಳಲು ನನಗೆ ನಾಚಿಕೆಯಾಗತ್ತೆ, ಆದರೂ ಹೇಳಬೇಕು. ಡಿಗ್ರಿ ಅರ್ಧಕ್ಕೆ ಬಿಟ್ಟ ಮೇಲೆ ವರದಿಗಾರಿಕೆಗೆ ಬರುವ ಮುಂಚೆ ಒಂದಷ್ಟು ದಿನ ಸಣ್ಣಪುಟ್ಟ ಪ್ರೋಗ್ರಾಮ್ ಬರೆದುಕೊಡುತ್ತಿದ್ದೆ. ಪೇಟೆಯ ಒಬ್ಬ ಪಶು ಆಹಾರದ ಅಂಗಡಿಯವರಿಗೆ ಉದ್ರಿ ಲೆಕ್ಕದ ಪ್ರೋಗ್ರಾಮ್ ಮಾಡಿಕೊಟ್ಟಿದ್ದೆ. ಯೂಟ್ಯೂಬ್ ನೋಡಿ ಹುರುಪಿನಲ್ಲಿ "ಯಾವ ಕಂಪನಿಯ ಹಂಗೂ ಬೇಡ" ಅಂತ ಕೋಡು, ಅವರ ಲೆಕ್ಕ ಎರಡನ್ನೂ ಮನೆಯ ಹಳೇ ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ಬ್ಯಾಕಪ್ ಕೂಡ ಇತ್ತು. ಅದೇ ಹಾರ್ಡ್ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ.

ಒಂದು ಸಂಜೆ ಗುಡುಗು ಮಳೆ, ಕರೆಂಟ್ ಎರಡು ಸಲ ಹೋಗಿ ಬಂತು. ಡಿಸ್ಕ್ ಮತ್ತೆ ತಿರುಗಲೇ ಇಲ್ಲ. ಎರಡು ತಿಂಗಳ ಉದ್ರಿ ಲೆಕ್ಕ ಹೋಯಿತು. ರೈತರು ಹಾಲಿನ ಬಟವಾಡೆ ಬಂದ ಮೇಲೆ ತೀರಿಸುವ ದುಡ್ಡು ಅದು. ಅಂಗಡಿಯವರ ಮುಂದೆ ನಿಂತು ಹೇಳುವಾಗ ನನ್ನ ಕಾಲು ನಡುಗುತ್ತಿತ್ತು.

ಅವರು ಬೈಯಲಿಲ್ಲ. ಒಳಗಿನಿಂದ ಅವರ ಹೆಂಡತಿ ಒಂದು ಉದ್ದ ಪುಸ್ತಕ ತಂದಿಟ್ಟರು. ಪ್ರೋಗ್ರಾಮ್ ಬಂದ ಮೇಲೂ ಪ್ರತಿದಿನ ರಾತ್ರಿ ಅದರಲ್ಲಿ ಬರೆಯುವುದನ್ನು ಅವರು ಬಿಟ್ಟಿರಲಿಲ್ಲ. "ನಿನ್ನ ಮಿಷನ್ ಮೇಲೆ ನಂಬಿಕೆ ಇಲ್ಲ ಅಂತಲ್ಲಪ್ಪ, ಅಭ್ಯಾಸ" ಅಂದರು. ಗಿಟ್‌ಲ್ಯಾಬ್‌ನ ಐದು ಬ್ಯಾಕಪ್ ಕೆಲಸಕ್ಕೆ ಬರಲಿಲ್ಲ, ಇವರ ಒಂದು ಪುಸ್ತಕ ಬಂತು. ಏಕೆಂದರೆ ಅದನ್ನು ದಿನಾ ತೆರೆದು ನೋಡುತ್ತಿದ್ದರು.

ಲಿನಕ್ಸ್‌ನವರು ಪಾರಾದದ್ದು ಹೇಗೆ

ಉತ್ತರ ಎಲ್ಲಿದೆ ಅಂತ ತೋರಿಸುವ ಒಂದು ಘಟನೆ ಹೇಳಿ ಮುಂದೆ ಹೋಗ್ತೀನಿ. ಲಿನಕ್ಸ್ ಕೋಡ್ ಇರೋದು ಕರ್ನಲ್ ಡಾಟ್ ಆರ್ಗ್ ಅನ್ನುವ ಅವರದ್ದೇ ಸರ್ವರಿನಲ್ಲಿ. 2011ರ ಆಗಸ್ಟ್‌ನಲ್ಲಿ ಅಲ್ಲಿ ಕಳ್ಳರು ಹೊಕ್ಕಿರೋದು ಪತ್ತೆಯಾಯಿತು. ಸೈಟ್ ವಾರಗಟ್ಟಲೆ ಬಂದ್. ಲಿನಕ್ಸ್ ಕೆಲಸ ನಿಂತಿತಾ? ಇಲ್ಲ. ಟೊರ್ವಾಲ್ಡ್ಸ್ ತಮ್ಮ ಹತ್ತಿರ ಇದ್ದ ಪ್ರತಿಯನ್ನು ತಾತ್ಕಾಲಿಕವಾಗಿ ಗಿಟ್‌ಹಬ್‌ಗೆ ಹಾಕಿ ಕೆಲಸ ಮುಂದುವರಿಸಿದರು. ಸಾವಿರಾರು ಜನರ ಹತ್ತಿರ ಪೂರ್ತಿ ಪ್ರತಿ ಇತ್ತು, ಒಂದಕ್ಷರ ಬದಲಾದರೂ ಗಿಟ್ ಹಿಡಿದುಕೊಡುತ್ತಿತ್ತು. ಹಾಗಾಗಿ ಕೋಡ್ ಕಲಬೆರಕೆ ಆಗುವ ಭಯ ಇರಲಿಲ್ಲ.

ಅವರನ್ನು ಉಳಿಸಿದ್ದು ಸ್ವಂತ ಸರ್ವರ್ ಅಲ್ಲ, ಗಿಟ್‌ಹಬ್ಬೂ ಅಲ್ಲ. ಒಂದು ಜಾಗ ಬಿದ್ದಾಗ ಇನ್ನೊಂದು ಜಾಗಕ್ಕೆ ಎದ್ದು ಹೋಗುವ ತಾಕತ್ತು ಉಳಿಸಿತು. ನನ್ನ ಪ್ರಕಾರ ಇಡೀ ಚರ್ಚೆಯ ತಿರುಳು ಇಷ್ಟೇ. ಎಲ್ಲಿ ಇಟ್ಟಿದ್ದೀರಿ ಅನ್ನೋದಕ್ಕಿಂತ, ಅಲ್ಲಿಂದ ಎದ್ದು ಬರೋದಕ್ಕೆ ಎಷ್ಟು ಹೊತ್ತು ಬೇಕು ಅನ್ನೋದು ಮುಖ್ಯ.

ಒಂದು ಎಚ್ಚರಿಕೆ ಮಾತ್ರ ಇದೆ. ಗಿಟ್‌ನಲ್ಲಿ ಪ್ರತಿ ಇರೋದು ಕೋಡಿಗೆ. ಯಾರು ಯಾವ ದೋಷ ಹೇಳಿದರು, ಏನು ಚರ್ಚೆ ಆಯಿತು, ಕೋಡ್ ತಾನಾಗೇ ಪರೀಕ್ಷೆ ಆಗುವ ವ್ಯವಸ್ಥೆ, ಇವೆಲ್ಲ ಗೋದಾಮಿನವರ ಹತ್ತಿರವೇ ಉಳಿಯುತ್ತವೆ. 2018ರಲ್ಲಿ ಗಿಟ್‌ಹಬ್‌ನಲ್ಲಿ, 2017ರಲ್ಲಿ ಗಿಟ್‌ಲ್ಯಾಬ್‌ನಲ್ಲಿ ಪೆಟ್ಟು ತಿಂದದ್ದೂ ಈ ಭಾಗವೇ, ಕೋಡ್ ಅಲ್ಲ. ಊರಲ್ಲಿ ಕೂತು ಪ್ರೋಗ್ರಾಮ್ ಬರೆಯುವ ತಮ್ಮ ತಂಗಿಯರು ಇದನ್ನು ಗಮನಿಸಬೇಕು. ಗಿಟ್‌ಹಬ್ ಬಳಸಿ, ತಪ್ಪಿಲ್ಲ. ಜೊತೆಗೆ ಪೂರ್ತಿ ಕೋಡಿನ ಒಂದು ಮಿರರ್ ಪ್ರತಿ ಇನ್ನೊಂದು ಕಡೆ ದಿನಾ ತಾನಾಗೇ ಹೋಗುವ ಹಾಗೆ ಮಾಡಿ. ಗಿರಾಕಿಗೆ ಸಾಫ್ಟ್‌ವೇರ್ ಕಳಿಸುವ ದಾರಿ ಗಿಟ್‌ಹಬ್ ಒಂದರ ಮೇಲೇ ನಿಂತಿದ್ದರೆ, ಅದಿಲ್ಲದೆಯೂ ಕಳಿಸೋದು ಹೇಗೆ ಅಂತ ಒಮ್ಮೆ ಮಾಡಿ ನೋಡಿ.

ಅಂಗಡಿಯವರು ಕೇಳಬೇಕಾದ ಮೂರು ಪ್ರಶ್ನೆ

ಕೋಡ್ ಬರೆಯದವರಿಗೆ ಇದರಿಂದ ಏನು? ನಿಮ್ಮ ಬಿಲ್ಲಿಂಗ್, ಜಿಎಸ್‌ಟಿ, ಚೀಟಿ, ಉದ್ರಿ ಎಲ್ಲವೂ ಈಗ ಯಾವುದೋ ಆ್ಯಪ್‌ನಲ್ಲಿದೆ. ಮುಂದಿನ ಸಲ ಸಾಫ್ಟ್‌ವೇರ್ ಮಾರಲು ಟೈ ಕಟ್ಟಿಕೊಂಡು ಯಾರಾದರೂ ಬಂದರೆ ಇಷ್ಟು ಕೇಳಿ.

ಒಂದು: ನನ್ನ ಪೂರ್ತಿ ಲೆಕ್ಕವನ್ನು ನಾನೇ, ನಿಮ್ಮನ್ನು ಕೇಳದೆ, ಎಕ್ಸೆಲ್ ಥರದ ಸಾಮಾನ್ಯ ಫೈಲ್ ಆಗಿ ಇಳಿಸಿಕೊಳ್ಳಬಹುದಾ?

ಎರಡು: ಇಂಟರ್ನೆಟ್ ಇಲ್ಲದ ದಿನ, ನಿಮ್ಮ ಸರ್ವರ್ ಬಿದ್ದ ದಿನ ಬಿಲ್ ಹಾಕಬಹುದಾ?

ಮೂರು: ನಿಮ್ಮ ಕಂಪನಿ ಮುಚ್ಚಿದರೆ ನನ್ನ ಲೆಕ್ಕ ನನ್ನ ಕೈಗೆ ಹೇಗೆ ಬರತ್ತೆ?

ಉತ್ತರ ತಡವರಿಸಿದರೆ ಟೀ ಕೊಟ್ಟು ಕಳಿಸಿ. ಆಮೇಲೆ ನಿಮ್ಮ ಕಡೆಯಿಂದ ಮೂರು-ಎರಡು-ಒಂದು ಅನ್ನುವ ಹಳೇ ಸೂತ್ರ ಹಿಡಿಯಿರಿ. ಲೆಕ್ಕದ ಮೂರು ಪ್ರತಿ, ಎರಡು ಬೇರೆ ಬೇರೆ ಥರದ ವಸ್ತುವಿನಲ್ಲಿ, ಅದರಲ್ಲಿ ಒಂದು ಅಂಗಡಿಯಿಂದ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು, ಮನೆಯ ಬೀರುವಿನಲ್ಲಿ ಇನ್ನೊಂದು. ತಿಂಗಳಿಗೊಮ್ಮೆ ಆ ಪೆನ್‌ಡ್ರೈವ್ ಬೇರೆ ಕಂಪ್ಯೂಟರಿಗೆ ಹಾಕಿ ಫೈಲ್ ನಿಜವಾಗಲೂ ತೆರೆಯುತ್ತಾ ಅಂತ ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪಶು ಆಹಾರದ ಅಂಗಡಿಯ ಆ ಲೆಕ್ಕವನ್ನು ನಾನು ಆಮೇಲೆ ನಾಲ್ಕು ರಾತ್ರಿ ಕೂತು ಪುಸ್ತಕ ನೋಡಿ ಮತ್ತೆ ಟೈಪ್ ಮಾಡಿಕೊಟ್ಟೆ. ದುಡ್ಡು ತಗೊಳ್ಳಲಿಲ್ಲ. ಆ ಪ್ರೋಗ್ರಾಮ್ ಇವತ್ತಿಗೂ ಅಲ್ಲಿ ನಡೀತಿದೆ, ಕೋಡ್ ಈಗ ಎರಡು ಗೋದಾಮಿನಲ್ಲಿ ಮತ್ತು ನನ್ನ ಲ್ಯಾಪ್‌ಟಾಪಿನಲ್ಲಿ ಇದೆ. ಲೆಕ್ಕದ ಪ್ರತಿ ದಿನಾ ರಾತ್ರಿ ಅಂಗಡಿಯವರ ಪೆನ್‌ಡ್ರೈವಿಗೆ ಹೋಗತ್ತೆ.

ಆ ಅಮ್ಮ ಇನ್ನೂ ಪುಸ್ತಕ ಬರೆಯೋದು ನಿಲ್ಲಿಸಿಲ್ಲ. ನಿಲ್ಲಿಸಿ ಅಂತ ನಾನೂ ಹೇಳಿಲ್ಲ.